ನಿನ್ನ ಬ್ಯಾಟರ್ಸಿಯ ಹಳೇ ಎಂಪಿ

ಪುಟ್ಟೀ,

ಗೌರಿ ಹಬ್ಬದ ದಿನ ವಿಡಿಯೋ ಕಾಲ್‌ನಲ್ಲಿ ನಾನು ನಕ್ಕಿದ್ದಕ್ಕೆ ನಿನಗೆ ಇನ್ನೂ ಬೇಜಾರಿದೆಯಂತೆ. ಅಮ್ಮ ಹೇಳಿದಳು. ಸ್ಟೀಲ್ ತಟ್ಟೆಯಲ್ಲಿ ಅರಿಶಿನದ ಗೌರಿ ಮಾಡಿ, ಹಳದಿಯಾದ ಬೆರಳು ತೋರಿಸಿದ್ದೆ. "ದೇವರೇ ಇಲ್ಲ ಅಂತ ನನ್ನ ಹತ್ರ ವಾದ ಮಾಡ್ತಿದ್ದವಳು ನೀನೇ ಅಲ್ವಾ?" ಎಂದೆ. ನೀನು ಫೋನ್ ಇಟ್ಟುಬಿಟ್ಟೆ.

ಅವತ್ತಿನಿಂದ ಒಬ್ಬರು ನೆನಪಾಗುತ್ತಿದ್ದಾರೆ. ಲಂಡನ್ನಿನಲ್ಲಿ ನೀನಿರುವ ಬ್ಯಾಟರ್ಸಿಯವರೇ ಆರಿಸಿ ಕಳಿಸಿದ ಎಂಪಿ, ಶಾಪುರ್ಜಿ ಸಕ್ಲಾತ್‌ವಾಲಾ. 1874ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪಾರ್ಸಿ, ಜಮ್ಷೆಟ್‌ಜಿ ಟಾಟಾ ಅವರ ಸೋದರಳಿಯ. ಮಾವನ ಕಂಪನಿಗಾಗಿ ಕಬ್ಬಿಣದ ಅದಿರು ಹುಡುಕುತ್ತಾ ಕಾಡು ಅಲೆದವರು. 1905ರಲ್ಲಿ ಇಂಗ್ಲೆಂಡಿಗೆ ಹೋದರು. ಹೋಟೆಲಿನಲ್ಲಿ ಬಡಿಸುವ ಕೆಲಸದಲ್ಲಿದ್ದ ಸ್ಯಾಲಿ ಮಾರ್ಷ್ ಅವರನ್ನು ಮದುವೆಯಾದರು. ಆಮೇಲೆ ಕಮ್ಯುನಿಸ್ಟ್ ಆದರು! ಟಾಟಾ ಮನೆಯವರ ಮುಖ ಹೇಗಾಗಿರಬೇಡ.

ಬ್ಯಾಟರ್ಸಿ ನಾರ್ತ್‌ನಿಂದ 1922ರಲ್ಲಿ ಗೆದ್ದರು, ಮರುವರ್ಷ ಸೋತರು, 1924ರಲ್ಲಿ ಮತ್ತೆ ಗೆದ್ದರು. 1926ರ ಮೇ ದಿನ ಹೈಡ್ ಪಾರ್ಕಿನಲ್ಲಿ ಭಾಷಣ ಮಾಡಿದ್ದಕ್ಕೆ ಹಿಡಿದರು. ಇನ್ನು ಮುಂದೆ ಸುಮ್ಮನಿರುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಬಿಡುತ್ತಿದ್ದರು. ಆಸಾಮಿ ಒಪ್ಪಲಿಲ್ಲ. ಎರಡು ತಿಂಗಳು ಜೈಲು. ಮರುವರ್ಷ ಇಂಡಿಯಾಕ್ಕೆ ಬಂದಾಗ ಗಾಂಧೀಜಿಯನ್ನೂ ಬಿಡಲಿಲ್ಲ. ಚರಕದ ವಿಷಯಕ್ಕೆ ಪತ್ರದಲ್ಲೇ ಜಗಳ.

ಇಂಥ ಮನುಷ್ಯ ಅದೇ 1927ರಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ತನ್ನ ಐದೂ ಮಕ್ಕಳಿಗೆ ನವಜೋತ್ ಮಾಡಿಸಿದರು. ನಮ್ಮ ಉಪನಯನದ ಹಾಗೆ ಅನ್ನು, ಆದರೆ ಹೆಣ್ಣುಮಕ್ಕಳಿಗೂ ಉಂಟು. ಬಿಳಿ ಬಟ್ಟೆಯ ಒಳಂಗಿ, ಅದರ ಮೇಲೆ 72 ಎಳೆಯ ಉಣ್ಣೆ ದಾರ, ಸೊಂಟಕ್ಕೆ ಮೂರು ಸುತ್ತು. ಪಾರ್ಟಿಯವರು ಕೆಂಡವಾದರು, ಬಹಿರಂಗವಾಗಿಯೇ ಛೀಮಾರಿ ಹಾಕಿದರು. ಇವರು ಅದನ್ನು ನುಂಗಿಕೊಂಡು ಪಾರ್ಟಿಯಲ್ಲೇ ಉಳಿದರು. 1929ರಲ್ಲಿ ಸೀಟು ಹೋಯಿತು, 1936ರಲ್ಲಿ ತೀರಿಕೊಂಡರು. ಪಾರ್ಟಿಯನ್ನೂ ಬಿಡಲಿಲ್ಲ, ಆ ದಾರವನ್ನೂ ಬಿಚ್ಚಿಸಲಿಲ್ಲ.

ದೇವರಿದ್ದಾನೆ ಅಂತ ಮಾಡಿಸಿದರೋ, ಇಂಗ್ಲೆಂಡಿನಲ್ಲಿ ಹುಟ್ಟಿದ ಮಕ್ಕಳಿಗೆ ತಾವು ಯಾರ ಮನೆಯವರು ಅಂತ ಗೊತ್ತಿರಲಿ ಎಂದು ಮಾಡಿಸಿದರೋ! ನನಗೇನೋ ಎರಡನೆಯದೇ ಅನ್ನಿಸುತ್ತದೆ. ಅಷ್ಟು ದೂರದಲ್ಲಿ ಕೂತು, ಅಂಗಡಿ ಹುಡುಕಿ ಅರಿಶಿನ ತಂದು ಕಲಸಿದ ನಿನ್ನನ್ನು ನೋಡಿ ನಾನು ಆಡಿದ್ದೂ ಆ ಪಾರ್ಟಿಯವರ ಮಾತೇ ಅಲ್ವಾ?

ಒಂದು ವಿಷಯ ಕೇಳುವುದಿತ್ತು. ಗೌರಿಯನ್ನು ಎಲ್ಲಿ ಬಿಟ್ಟೆ? ಥೇಮ್ಸ್‌ನಲ್ಲೋ, ಬಕೆಟ್ಟಿನಲ್ಲೋ? ಅಮ್ಮ ಕೇಳುತ್ತಿದ್ದಾಳೆ. ಇಲ್ಲ, ನಾನೇ ಕೇಳುತ್ತಿರುವುದು.

ನಿನ್ನ
ಅಪ್ಪ