ರಿಸೀವರ್ ಬಿಡಿಭಾಗ ಕೊಳ್ಳುವ ಮುನ್ನ ಗಮನಿಸಿ

ಎಲ್ಲರಿಗೂ ನಮಸ್ಕಾರ. ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೊ ವಿಧಾನ) ರಿಸೀವರ್‌ಗೆ 865–867 ಮೆಗಾಹರ್ಟ್ಸ್‌ಗೆ ಹೊಂದುವ ಆರ್‌ಎಫ್‌ಎಂ95 ರೇಡಿಯೊ ಮಾಡ್ಯೂಲನ್ನೇ ತನ್ನಿ; 433ರದ್ದು ನಡೆಯುವುದಿಲ್ಲ. ಆಂಟೆನಾಗೆ 8.6 ಸೆಂ.ಮೀ. ನೆಟ್ಟಗಿನ ತಂತಿ ಸಾಕು.

ಹೆಚ್ಚಿನವರು ಎಡವುವುದು ರೆಗ್ಯುಲೇಟರ್‌ನಲ್ಲಿ, ಅಂದರೆ ವೋಲ್ಟೇಜ್ ತಗ್ಗಿಸಿ ಸ್ಥಿರವಾಗಿಡುವ ಬಿಡಿಭಾಗದಲ್ಲಿ. ಮಾಡ್ಯೂಲಿಗೆ 3.3 ವೋಲ್ಟ್ ಬೇಕು, ತುಂಬಿದ ಲಿಥಿಯಂ ಸೆಲ್ 4.2 ಕೊಡುತ್ತದೆ, ನೇರವಾಗಿ ಜೋಡಿಸಿದರೆ ಚಿಪ್ ಹಾಳು. ಅಗ್ಗದ ಎಎಂಎಸ್1117 ರೆಗ್ಯುಲೇಟರ್ ಹಾಕಬೇಡಿ. ಅದು ಸುಮ್ಮನಿದ್ದರೂ ಸುಮಾರು 5 ಮಿಲಿಆಂಪಿಯರ್ ಕುಡಿಯುತ್ತದೆ, 2500 ಎಂಎಎಚ್ ಸೆಲ್ ಮೂರು ವಾರದಲ್ಲಿ ಖಾಲಿ! ಬದಲಿಗೆ ಎಂಸಿಪಿ1700 ರೆಗ್ಯುಲೇಟರ್ ಹಾಕಿ, ಅದಕ್ಕೆ 2 ಮೈಕ್ರೊಆಂಪಿಯರ್ ಸಾಕು. ಬೋರ್ಡಿನ ಪವರ್ ಎಲ್‌ಇಡಿಯನ್ನೂ ದಯವಿಟ್ಟು ಕಿತ್ತುಬಿಡಿ.

ಸದಾ ಆಲಿಸುತ್ತಿದ್ದರೆ ಮಾಡ್ಯೂಲೇ 11 ಮಿಲಿಆಂಪಿಯರ್ ಎಳೆಯುತ್ತದೆ. ಆದ್ದರಿಂದ ಸೆಕೆಂಡಿಗೊಮ್ಮೆ ಎಬ್ಬಿಸಿ, ಸಿಗ್ನಲ್ ಇಲ್ಲದಿದ್ದರೆ ಮತ್ತೆ ಮಲಗಿಸಿ. ಕಳಿಸುವ ಕಡೆಯ ಪ್ರಿಯಾಂಬಲ್ (ಸಂದೇಶಕ್ಕೂ ಮುಂಚೆ ಬರುವ ಮುನ್ಸೂಚನೆಯ ಸಿಗ್ನಲ್) ಒಂದು ಸೆಕೆಂಡಿಗಿಂತ ಉದ್ದವಿರಬೇಕು, ಇಲ್ಲವಾದರೆ ಸಂದೇಶ ತಪ್ಪಿಹೋಗುತ್ತದೆ. ಮಾಡ್ಯೂಲಿನ ಪವರ್ ಪಿನ್ನಿಗೆ ಅಂಟಿದಂತೆಯೇ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ.