ತುಮಕೂರಲ್ಲಿ ಇಳೀಬೇಡ ಅಂತ ಅಮ್ಮಂಗೆ ಹೇಗೆ ಹೇಳ್ಲಿ

ಲೋ ಸೆಕ್ರೆಟರಿ,

ಹೇಗಿದ್ದೀಯ ಅಂತ ಕೇಳಲ್ಲ, ಮೊನ್ನೆ ತಾನೆ ಫೋನಲ್ಲಿ ಮುಕ್ಕಾಲು ಗಂಟೆ ಮಾತಾಡಿದೀವಿ. ಆದ್ರೂ ಹೇಳ್ಬೇಕಾಗಿದ್ದು ಬಾಯಿಗೆ ಬರ್ಲಿಲ್ಲ, ಅದಕ್ಕೇ ಬರೀತಿದೀನಿ. ಎಲ್ಲರ ಮುಂದೆ ಯಾಕೆ ಅಂದ್ರೆ ನಿಂಗೊಬ್ಬನಿಗೇ ಕಳಿಸಿದ್ರೆ ನೀನು ಓದೋ ಮುಂಚೆನೇ ಡಿಲೀಟ್ ಮಾಡ್ಬಿಡ್ತೀನಿ, ಇಲ್ಲಿ ಹಾಕಿದ್ರೆ ನಾಲ್ಕು ಜನ ನೋಡಿರ್ತಾರೆ, ಹಿಂದೆ ತಗೊಳ್ಳೋಕಾಗಲ್ಲ. ಉಳಿದೋರೂ ಓದ್ಕೊಳ್ಳಿ, ಹಸಿರು ಕೊಡೆ ವಿಷಯ ಮಾತ್ರ ಯಾರೂ ಕೇಳ್ಬೇಡಿ.

ಟೈಪ್‌ರೈಟರ್ ಹುಡುಕ್ತಿದೀನಿ ಅಂದಿದ್ನಲ್ಲ, ಕನ್ನಡದ್ದು. ಐದು ತಿಂಗಳಾಯ್ತು ಕಣೋ. ಸೆಕೆಂಡ್ ಹ್ಯಾಂಡ್ ಆ್ಯಪಲ್ಲಿ ಟೈಪ್‌ರೈಟರ್ ಅಂತ ಹೊಡೆದ್ರೆ ಮೊದಲು ಬರೋದೆಲ್ಲ ಶೋಕೇಸಲ್ಲಿಡೋ ತಗಡಿನ ಬೊಂಬೆ, ಆಮೇಲೆ 'ವಿಂಟೇಜ್' ಅಂತ ಸೇರಿಸಿ ರೇಟ್ ಡಬಲ್ ಮಾಡಿರೋ ಇಂಗ್ಲಿಷ್ ಮಷೀನು. ಫೋಟೋ ತೆಗೆಯೋರು ದೂರದಿಂದ ತೆಗೀತಾರೆ, ಮಷೀನ್ ಪಕ್ಕ ಒಂದು ಹೂದಾನಿ ಇಟ್ಟು. ಕೀಲಿ ಮೇಲೆ ಯಾವ ಭಾಷೆ ಅಂತ ಕಾಣಲ್ಲ. ಅದಕ್ಕೆ ಎಲ್ಲರಿಗೂ ಒಂದೇ ಮೆಸೇಜು: "ಸರ್ ನಮಸ್ತೆ, ಇದು ಕನ್ನಡಾನಾ? ಕೀಬೋರ್ಡ್ ಫೋಟೋ ಹತ್ತಿರದಿಂದ ಒಂದು ಕಳಿಸ್ತೀರಾ?" ನಿನ್ನೆ ರಾತ್ರಿ ಕೂತು ಎಣಿಸಿದೆ, 31 ಜನಕ್ಕೆ ಕಳಿಸಿದೀನಿ. ಉತ್ತರ ಬಂದಿದ್ದು 9. ಅದರಲ್ಲಿ 7 ಇಂಗ್ಲಿಷ್, ಒಬ್ಬ ಕಳ್ಳ, ಒಂದು ದಾವಣಗೆರೆ.

ಆ ಕಳ್ಳ ಒಬ್ಬನೇ ನೋಡು ಅರ್ಧ ನಿಮಿಷದಲ್ಲಿ ರಿಪ್ಲೈ ಮಾಡಿದೋನು. ಆರ್ಮೀಲಿದೀನಿ, ಟ್ರಾನ್ಸ್‌ಫರ್ ಆಗಿದೆ, ಸಾಮಾನೆಲ್ಲ ಮಾರ್ತಿದೀನಿ ಅಂದ. ನಾನು ಕೇಳದೇನೇ ಐಡಿ ಕಾರ್ಡ್ ಫೋಟೋ ಕಳಿಸ್ದ. ಕ್ಯಾಂಟೋನ್ಮೆಂಟಿಂದ ಹೊರಗೆ ಬರೋಕೆ ಗೇಟ್ ಪಾಸ್ ಚಾರ್ಜ್ 1,150 ಮೊದಲು ಹಾಕ್ಬೇಕಂತೆ, ಡೆಲಿವರಿ ಆದ್ಮೇಲೆ ರೀಫಂಡಂತೆ. ನಾನು ಹಾಕ್ಲಿಲ್ಲ ಬಿಡು. ನಮ್ಮ ಆಫೀಸಲ್ಲಿ ಒಬ್ರು ಸೋಫಾ ತಗೊಳ್ಳೋಕೆ ಹೋಗಿ ಇದೇ ಥರ ಕೊಟ್ಟು, ರೀಫಂಡ್ ಕೇಳಿದ್ರೆ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದಿದಾನೆ, ಒತ್ತಿದಾರೆ, ಇನ್ನೊಂದು ಸಲ ಹೋಯ್ತು. ಯುಪಿಐಯಲ್ಲಿ ದುಡ್ಡು ಬರೋಕೆ ಪಿನ್ ಬೇಕಾಗೇ ಇಲ್ಲ, ಹೋಗೋಕೆ ಮಾತ್ರ ಬೇಕು. ಯಾರಿಗಾದ್ರೂ ಹಾಗಾದ್ರೆ ಆ ಕ್ಷಣಾನೇ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡಿ, ನಾಚ್ಕೊಂಡು ಬೆಳಗ್ಗೆ ತನಕ ಕಾಯ್ಬೇಡಿ. ನಂಗೆ ಸಂಕಟ ಆಗೋದು ಇದೇ ಕಣೋ, ಈ ವ್ಯಾಪಾರದಲ್ಲಿ ತಕ್ಷಣ ಉತ್ತರ ಕೊಟ್ಟು, ಸರ್ ಅಂದು, ಊಟ ಆಯ್ತಾ ಅಂತ ಕೇಳೋನೇ ಮೋಸಗಾರ ಆಗಿರ್ತಾನೆ. ನಿಜವಾಗ್ಲೂ ಮನೇಲಿ ಮಷೀನ್ ಇಟ್ಕೊಂಡಿರೋರು ಸುಮ್ನಿರ್ತಾರೆ.

ಯಾಕೆ ಸುಮ್ನಿರ್ತಾರೆ ಅನ್ನೋದೂ ಗೊತ್ತಾಗಲ್ಲ ಅಂತಲ್ಲ. ಹೋದ ವರ್ಷ ನನ್ನ ಹಳೇ ಮೇಜು ಮಾರಕ್ಕಿಟ್ಟಾಗ ಒಂದೇ ದಿನದಲ್ಲಿ ನಲವತ್ತು ಜನ 'ಇದೆಯಾ' ಅಂದ್ರು, ಇದೆ ಅಂದ್ರೆ ಮಾಯ. ಮೂರು ಜನ ಸಂಜೆ ಬರ್ತೀವಿ ಅಂದು ಬರ್ಲೇ ಇಲ್ಲ, ನಾನು ಒಂದು ಭಾನುವಾರ ಪೂರ್ತಿ ಗೇಟ್ ಕಡೆ ನೋಡ್ಕೊಂಡು ಕೂತಿದ್ದೆ. ಮಾರೋರಿಗೂ ಸಾಕಾಗಿರತ್ತೆ. ಆದ್ರೂ 'ಮಾರಿಬಿಟ್ಟೆ' ಅಂತ ಒಂದು ಪದ. ಮೂರು ಸೆಕೆಂಡ್. ಅಷ್ಟು ಹೇಳಿದ್ರೆ ಕಾಯ್ತಿರೋನು ಬೇರೆ ಕಡೆ ನೋಡ್ಕೋತಾನೆ, ಬೆಳಗ್ಗೆ ಎದ್ದ ತಕ್ಷಣ ಎರಡು ಟಿಕ್ ನೀಲಿ ಆಗಿದೆಯಾ ಅಂತ ನೋಡೋದು ತಪ್ಪತ್ತೆ.

ದಾವಣಗೆರೆದು ಹೇಳ್ತೀನಿ. ಅದು ಕನ್ನಡದ್ದೇ, ರೆಮಿಂಗ್ಟನ್, 9,000 ಹೇಳಿದಾರೆ. ಮೊದಲನೇ ಮೆಸೇಜಿಗೆ ಎರಡು ದಿನ ಬಿಟ್ಟು "ಇದೆ" ಅಂತ ಬಂತು. ಕೀಬೋರ್ಡ್ ಫೋಟೋನೂ ಬಂತು, ಧೂಳಿನ ಮಧ್ಯೆ 'ಕ' ಕಾಣ್ತು, ನಾನು ಬಸ್ಸಲ್ಲಿದ್ದೆ, ಎದೆ ಡವಡವ ಅಂತು. ರೋಲರ್ ರಬ್ಬರ್ ಗಟ್ಟಿ ಆಗಿದೆಯಾ, ಹಾಳೆ ಹಿಡ್ಕೊಂಡು ಅತ್ತಿತ್ತ ಜಾರೋ ಕ್ಯಾರೇಜ್ ಓಡತ್ತಾ, ಒಂದು ಹಾಳೇಲಿ ಎಲ್ಲಾ ಅಕ್ಷರ ಹೊಡೆದು ಕಳಿಸ್ತೀರಾ ಅಂದೆ. ಅಲ್ಲಿಗೆ ನಿಂತೋಯ್ತು. ಆಮೇಲೆ 14 ಮೆಸೇಜ್ ಹಾಕಿದೀನಿ, ಎಲ್ಲಾ ನೀಲಿ. ಫೋನ್ ರಿಂಗಾಗತ್ತೆ, ಎತ್ತಲ್ಲ. ಆ್ಯಡ್ ಇನ್ನೂ ಹಾಗೇ ಇದೆ. 9,000 ಜಾಸ್ತಿ ಅಂತಾನೂ ಅನ್ನಿಸ್ಲಿಲ್ಲ ನಂಗೆ, ಹೊಸದಂತೂ ಎಲ್ಲೂ ಸಿಗಲ್ಲ. ಗೋದ್ರೆಜ್‌ನೋರು 1955ರಲ್ಲಿ ಇಲ್ಲೇ ಟೈಪ್‌ರೈಟರ್ ಮಾಡೋಕೆ ಶುರು ಮಾಡಿದ್ರು, ಅವರದ್ದೂ ನಿಂತೋಯ್ತು ಅಂತ 2011ರಲ್ಲಿ ಪೇಪರಲ್ಲೆಲ್ಲ ಬಂದಿತ್ತಲ್ಲ, ನೀನೇ ಆ ಕಟಿಂಗ್ ಅಮ್ಮಂಗೆ ತೋರಿಸಿದ್ದೆ.

ನಮ್ಮಮ್ಮ ಟೈಪ್ ಮಾಡೋದು ನೀನು ನೋಡಿದೀಯ. ಬೇರೆಯೋರಿಗೆ ಹೇಳ್ತೀನಿ. ತಿಪಟೂರು ತಾಲ್ಲೂಕಾಫೀಸ್ ಎದುರು ಹೊಂಗೆ ಮರದ ಕೆಳಗೆ ಸ್ಟೂಲ್ ಹಾಕ್ಕೊಂಡು ಕೂರ್ತಿದ್ಲು, ಟೈಪಿಂಗ್ ಪರೀಕ್ಷೆ ಜೂನಿಯರ್ ಸೀನಿಯರ್ ಎರಡೂ ಪಾಸ್ ಮಾಡ್ಕೊಂಡಿದ್ಲು. ಖಾತೆ ಬದಲಾವಣೆ ಅರ್ಜಿ, ವಿಧವಾ ವೇತನ, ಕೊಬ್ಬರಿಗೆ ಬೆಂಬಲ ಬೆಲೆ ಕೊಡಿ ಅಂತ ಮನವಿ, ಎಲ್ಲಾ ಅವಳ ಕೈಯಲ್ಲೇ. ಕನ್ನಡ ಮಷೀನ್ ಅಂದ್ರೆ ಇಂಗ್ಲಿಷ್ ಥರ ಒಂದು ಕೀಲಿಗೊಂದು ಅಕ್ಷರ ಅಲ್ಲ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲಾನೂ ಅಷ್ಟೇ ಕೀಲಿಗಳಲ್ಲಿ ಕೂರಿಸಿದಾರೆ, ಆ ಕೀಲಿಮಣೆ ಮಾಡಿದ ಕೆ. ಅನಂತಸುಬ್ಬರಾಯರನ್ನ ಅಮ್ಮ ಗುರುಗಳು ಅಂತಾನೇ ಹೇಳೋಳು, ನೋಡೇ ಇರ್ಲಿಲ್ಲ. ಒಂದು ಅಕ್ಷರಾನ ತುಂಡು ತುಂಡಾಗಿ ಕಟ್ಬೇಕು. ಕೆಲವು ಕೀಲಿ ಹೊಡೆದ್ರೆ ಕ್ಯಾರೇಜ್ ಮುಂದಕ್ಕೇ ಹೋಗಲ್ಲ, ಅಚ್ಚು ಬಿದ್ದು ಅಲ್ಲೇ ಕಾಯತ್ತೆ, ಮುಂದಿನ ತುಂಡು ಬಂದು ಸೇರ್ಕೊಂಡ ಮೇಲೇನೇ ಹೆಜ್ಜೆ ಇಡೋದು. ಅಮ್ಮನ ಮಷೀನಲ್ಲಿ 'ಳ' ಒಂದು ಎಳೆ ಮೇಲಕ್ಕೆ ಬೀಳ್ತಿತ್ತು. ಅರ್ಜಿ ನೋಡಿದ ತಕ್ಷಣ ಗುಮಾಸ್ತರು "ಇದು ಅಕ್ಕನ ಟೈಪು" ಅನ್ನೋರಂತೆ. ಕಂಪ್ಯೂಟರಲ್ಲಿ ಕನ್ನಡ ಹೊಡೆಯೋ 'ನುಡಿ' ಸಾಫ್ಟ್‌ವೇರ್ ಬಂತು, ಎದುರಿಗೇ ಕಂಪ್ಯೂಟರಲ್ಲಿ ಟೈಪ್ ಮಾಡ್ಕೊಡೋ ಡಿಟಿಪಿ ಅಂಗಡಿ ಬಂತು, ಅಮ್ಮ ಮಷೀನ್ ಮನೆಗೆ ತಂದು ಹಳೇ ಸೀರೆ ಹೊದಿಸಿ ಇಟ್ಲು.

ಈಗ ನಿಜ ಹೇಳ್ತೀನಿ, ಕುಡೀತಿರೋ ಕಾಫಿ ಕೆಳಗಿಡು.

ಆ ಮಷೀನ್ ನಿಮ್ಮನೇಲಿದೆ ಅಂತ ಅಮ್ಮ ನಂಬಿದಾಳೆ. ನಾಲ್ಕು ವರ್ಷದಿಂದ. ನಾನೇ ಹೇಳಿದ್ದು. 2021ರಲ್ಲಿ ತಿಪಟೂರು ಮನೆ ಖಾಲಿ ಮಾಡುವಾಗ ಅಮ್ಮ ಆಸ್ಪತ್ರೇಲಿದ್ಲು, ಓನರ್ ಎರಡು ದಿನ ಟೈಮ್ ಕೊಟ್ಟಿದ್ರು, ಗುಜರಿಯವನು ಬಾಗಿಲಿಗೇ ಬಂದಿದ್ದ. ತೂಕ ಹಾಕ್ದ. 14 ಕೇಜಿ, ಕೇಜಿಗೆ 28ರ ಹಾಗೆ 392, ಚಿಲ್ಲರೆ ಇಲ್ಲ ಅಂತ 400 ಕೊಟ್ಟ. ಎತ್ತಿ ಗಾಡಿಗೆ ಹಾಕುವಾಗ ಓರೆ ಆಗಿ ಕ್ಯಾರೇಜ್ ತಾನೇ ಜಾರಿ ಬೆಲ್ ಹೊಡೀತು. ಟಿಂಗ್ ಅಂತ. ಅಮ್ಮ ಸಾಲು ಮುಗಿಸುವಾಗ ಬರ್ತಿದ್ದ ಸದ್ದು. ನಾನು ಆಗಲೂ ತಡೀಲಿಲ್ಲ ಕಣೋ, ಇನ್ನೂ ಎರಡು ಬೀರು ಖಾಲಿ ಮಾಡೋದಿತ್ತು. ಡಿಸ್ಚಾರ್ಜ್ ಆಗಿ ಚಿಕ್ಕಮ್ಮನ ಮನೆಗೆ ಬಂದ ಮೊದಲ ಸಂಜೆನೇ ಅಮ್ಮ ಕೇಳಿದ್ಲು, ಮಷೀನ್ ಎಲ್ಲಿಟ್ಟೆ ಅಂತ. ಬಾಯಿಗೆ ಬಂದಿದ್ದು ನಿನ್ನ ಹೆಸರು.

ಅವತ್ತಿಂದ ತಿಂಗಳಿಗೊಂದು ಸಲ, ಎಣ್ಣೆ ಬಿಟ್ಟಿದಾನಾ ಕೇಳು, ಹೊಲಿಗೆ ಮಷೀನ್ ಎಣ್ಣೇನೇ ಬಿಡ್ಬೇಕು, ಕೊಬ್ಬರಿ ಎಣ್ಣೆ ಹಾಕಿದ್ರೆ ಜಿಗಟು ಹಿಡಿಯತ್ತೆ. ಬಿಟ್ಟಿದಾನಂತೆ ಅಮ್ಮ ಅಂತ ನಾನು. ಹೋದ ತಿಂಗಳು ಅಂದ್ಲು, ಬೆಂಗಳೂರಿಗೆ ಬರುವಾಗ ತುಮಕೂರಲ್ಲಿ ಟ್ರೇನ್ ಇಳ್ಕೊಂಡು ನೋಡ್ಕೊಂಡು ಬರ್ತೀನಿ, ರಿಬ್ಬನ್ ಒಣಗಿರತ್ತೆ, ಹೊಸದು ಹಾಕ್ಬೇಕು. ನಿನ್ನ ನಂಬರ್ ಕೇಳಿದ್ಲು. ಆಮೇಲೆ ಕಳಿಸ್ತೀನಿ ಅಂದೆ. ವಾಯ್ಸ್ ಮೆಸೇಜ್ ಹಾಕಿದಾಳೆ, ಮೂರು. ನಾನು ಕೇಳಿದೀನಿ. ಉತ್ತರ ಹಾಕಿಲ್ಲ. ಅವಳ ಫೋನಲ್ಲೂ ನೀಲಿ ಆಗಿರತ್ತೆ.

ಇನ್ನೊಂದು ಹೇಳ್ಬಿಡ್ತೀನಿ, ಇದನ್ನ ಬರೀಬಾರದು ಅಂತಲೇ ಕೂತಿದ್ದೆ. ದಾವಣಗೆರೆ ಮಷೀನ್ ಫೋಟೋ ಬಂದ ದಿನ ಇಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಹತ್ರ ಹೋಗಿದ್ದೆ, ಒಂದು ಅಕ್ಷರ ಸ್ವಲ್ಪ ಮೇಲಕ್ಕೆ ಬೀಳೋ ಹಾಗೆ ಅಚ್ಚಿನ ಕಡ್ಡಿ ಬಗ್ಗಿಸೋಕಾಗತ್ತಾ ಅಂತ ಕೇಳೋಕೆ. ಅವರು ಕನ್ನಡಕ ತೆಗೆದು ನನ್ನ ನೋಡಿ "ಮೇಲೆ ಬೀಳೋದನ್ನ ಸರಿ ಮಾಡಿ ಅಂತ ಬರ್ತಾರೆ ಸ್ವಾಮಿ, ಕೆಡಿಸಿ ಅಂತ ಯಾರೂ ಬಂದಿಲ್ಲ" ಅಂದ್ರು. ಬೈಲಿಲ್ಲ, ಹಾಗೇ ಅಂದ್ರು. ಅವರ ಅಂಗಡಿಯಿಂದ ಆಚೆ ಬಂದು ಫುಟ್‌ಪಾತಲ್ಲಿ ತುಂಬಾ ಹೊತ್ತು ನಿಂತಿದ್ದೆ. ಅಮ್ಮಂಗೆ ಮಷೀನ್ ಕೊಡಿಸೋಕೆ ಓಡಾಡ್ತಿದೀನಿ ಅಂತ ಐದು ತಿಂಗಳು ಅಂದ್ಕೊಂಡಿದ್ದೆ. ಅವಳ ಕೈಗೇ ಸುಳ್ಳು ಕೊಡೋಕೆ ಹೊರಟಿದ್ದೆ, 'ಳ' ಸಮೇತ. ಆ ದಾವಣಗೆರೆಯೋರು ಉತ್ತರ ಕೊಟ್ಟಿದ್ರೆ ಕೊಟ್ಟೂಬಿಡ್ತಿದ್ದೆ.

ಶನಿವಾರ ನಾನೇ ತಿಪಟೂರಿಗೆ ಹೋಗ್ತಿದೀನಿ. ಫೋನಲ್ಲಲ್ಲ, ಎದುರಿಗೆ ಕೂತು ಹೇಳ್ತೀನಿ. ಅಷ್ಟರೊಳಗೆ ಅಮ್ಮ ಹೇಗೋ ನಿನ್ನ ನಂಬರ್ ಹುಡುಕಿ ಫೋನ್ ಮಾಡಿದ್ರೆ ನನ್ನ ಪರವಾಗಿ ಏನೂ ಹೇಳ್ಬೇಡ, ಎಣ್ಣೆ ಬಿಟ್ಟಿದೀನಿ ಅಂತಂತೂ ಹೇಳ್ಬೇಡ, "ಅವನೇ ಬಂದು ಹೇಳ್ತಾನಂತೆ ಅಮ್ಮ" ಅನ್ನು ಸಾಕು. ಚಿಕ್ಕಮ್ಮ, ನೀನು ಇದನ್ನ ಓದ್ತಿರ್ತೀಯ, ಶನಿವಾರದ ತನಕ ಸುಮ್ನಿರು, ನಿನ್ನ ಕಾಲಿಗೆ ಬೀಳ್ತೀನಿ. ದಾವಣಗೆರೆಯೋರಿಗೆ ನಿನ್ನೆ ಕೊನೇ ಮೆಸೇಜ್ ಹಾಕಿದೆ, ಬೇಡ ಸರ್, ತೊಂದ್ರೆ ಕೊಟ್ಟೆ, ಅಮ್ಮನೇ ಕೇಳಿದ್ರೆ ಅವರನ್ನೇ ಕರ್ಕೊಂಡು ಬರ್ತೀನಿ, ಮಷೀನ್ ಚೆನ್ನಾಗಿ ಇಟ್ಕೊಳ್ಳಿ ಅಂತ. ಅದೂ ನೀಲಿ ಆಯ್ತು.

ಮತ್ತೆ ಸೆಕ್ರೆಟರಿ, ಪ್ರತಿ ದೀಪಾವಳಿಗೆ ಅಮ್ಮ ಕಳಿಸಿದ್ದು ಅಂತ ನಿಂಗೆ ಕೊಬ್ಬರಿ ಮಿಠಾಯಿ ಡಬ್ಬಿ ತಂದ್ಕೊಡ್ತಿದ್ನಲ್ಲ, ಅದು ಮಷೀನ್ ನೋಡ್ಕೋತಿರೋದಕ್ಕೆ. ನಾಲ್ಕು ಡಬ್ಬಿ ನಿಮ್ಮನೇಲೇ ಇವೆ. ತೊಳೆದು ಒರೆಸಿಟ್ಟಿರು, ಶನಿವಾರ ಬೆಳಗ್ಗೆ ಟ್ರೇನ್ ತುಮಕೂರಲ್ಲಿ ನಿಂತಾಗ ಪ್ಲಾಟ್‌ಫಾರ್ಮಿಗೆ ತಂದ್ಕೊಡು, ಅವನ್ನಾದ್ರೂ ವಾಪಸ್ ತಗೊಂಡು ಹೋಗ್ತೀನಿ. ಹಸಿರು ಕೊಡೆನೂ ತಗೊಂಡು ಬಾ.

ನಿನ್ನ,
ಖಜಾಂಚಿ