ಕಲ್ಲೂ ಬೇಕು, ಹೂವೂ ಬೇಕು

ಬಾತ್, ಇಂಗ್ಲೆಂಡ್

ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಭಾನುವಾರ ಹತ್ತಿರದ ಐಫರ್ಡ್ ಮ್ಯಾನರ್ ತೋಟ ನೋಡಿ ಬಂದೆವು. ಹ್ಯಾರಲ್ಡ್ ಪೀಟೋ ಎಂಬ ಆರ್ಕಿಟೆಕ್ಟ್ ತನಗಾಗಿ ಮಾಡಿಕೊಂಡ ತೋಟ ಅದು. 1899ರಲ್ಲಿ ಜಾಗ ಕೊಂಡು, 1933ರಲ್ಲಿ ಸಾಯುವವರೆಗೂ ತಿದ್ದುತ್ತಲೇ ಇದ್ದನಂತೆ.

ಪೀಟೋನ ತಂದೆ ನಿಮ್ಮ ಹಾಗೇ ಕಂಟ್ರಾಕ್ಟರ್. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದಲ್ಲೂ ಅವರ ಕೈ ಇದೆ. ಮಗ ಪೀಟೋ, ಅರ್ನೆಸ್ಟ್ ಜಾರ್ಜ್ ಎಂಬ ಇನ್ನೊಬ್ಬ ಆರ್ಕಿಟೆಕ್ಟ್ ಜೊತೆ ಸೇರಿ ಶ್ರೀಮಂತರಿಗೆ ಮನೆ ಕಟ್ಟಿಸಿಕೊಡುತ್ತಿದ್ದ. ನಮ್ಮ ರಾಷ್ಟ್ರಪತಿ ಭವನದ ಪ್ಲಾನು ಹಾಕಿದ ಲಟ್ಯೆನ್ಸ್ ಚಿಕ್ಕ ವಯಸ್ಸಿನಲ್ಲಿ ಕೆಲಸ ಕಲಿತದ್ದು ಇವರ ಆಫೀಸಿನಲ್ಲೇ! 1892ರಲ್ಲಿ ಪೀಟೋ ಪಾರ್ಟ್ನರ್‌ಶಿಪ್ ಬಿಟ್ಟ. 15 ವರ್ಷ ಬ್ರಿಟನ್ನಿನಲ್ಲಿ ಕಟ್ಟಡದ ಕೆಲಸ ಹಿಡಿಯುವುದಿಲ್ಲ ಅಂತ ಕರಾರಾಯಿತು. ತೋಟದ ಕೆಲಸಕ್ಕೆ ಅಡ್ಡಿ ಇರಲಿಲ್ಲವಲ್ಲ, ಅದನ್ನೇ ಹಿಡಿದ.

ಐಫರ್ಡಿನ ಮನೆ ಫ್ರೋಮ್ ನದಿ ಪಕ್ಕದಲ್ಲಿದೆ, ಬೆನ್ನಿಗೇ ಕಡಿದಾದ ಗುಡ್ಡ. ಗುಡ್ಡವನ್ನು ಹಂತ ಹಂತವಾಗಿ ಮಟ್ಟ ಮಾಡಿ ಮೆಟ್ಟಿಲು ಕಟ್ಟಿಸಿದ್ದಾನೆ. ಮೇಲಿನ ಹಂತದಲ್ಲಿ ಉದ್ದಕ್ಕೆ ಕಂಬಗಳ ಸಾಲು. ಇಟಲಿ ಸುತ್ತಿದಾಗೆಲ್ಲ ಹಳೇ ಕಂಬ, ಕೆತ್ತನೆ ಕಲ್ಲು ಕೊಂಡು ತರುತ್ತಿದ್ದ. ಅವನ್ನೆಲ್ಲ ಹೊಂದಿಸಲು 1914ರಲ್ಲಿ ಒಂದು ಕಟ್ಟಡವನ್ನೇ ಎಬ್ಬಿಸಿದ. ನಡುವೆ ಬಯಲು, ಸುತ್ತ ಕಂಬದ ಪಡಸಾಲೆ, ಥೇಟ್ ನಮ್ಮ ತೊಟ್ಟಿಮನೆ. ನಾನು ಅಲ್ಲಿಂದ ಏಳಲೇ ಇಲ್ಲ. ವಿಗ್ರಹಗಳು ಮಾತ್ರ ಸ್ವಲ್ಪ ಜಾಸ್ತಿಯೇ ಆದವು. ನದಿಯ ಸೇತುವೆ ಮೇಲೂ ಒಬ್ಬಳು ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಣ್ಣಾಗಿ ಕಂಡ ವಿಗ್ರಹ, ನಿಂತಿದ್ದಾಳೆ!

ಬರೀ ಹೂವಿದ್ದರೆ ತೋಟಕ್ಕೆ ಹಳೆಯ ಕಾಲದ ಕಳೆ ಬರುವುದಿಲ್ಲ, ಬರೀ ಕಲ್ಲಾದರೂ ಚೆನ್ನಲ್ಲ, ಎರಡೂ ಹದವಾಗಿ ಬೆರೆಯಬೇಕು ಅನ್ನುವುದು ಅವನ ಲೆಕ್ಕ. ಐರ್ಲೆಂಡಿನಲ್ಲಿ ಗಾರ್ನಿಷ್ ಅಂತ ಒಂದು ದ್ವೀಪವಿದೆ. ಬರೀ ಬಂಡೆ. ದೋಣಿಯಲ್ಲಿ ಮಣ್ಣು ತರಿಸಿ ಪೀಟೋನ ಪ್ಲಾನಿನಂತೆ ತೋಟ ಎಬ್ಬಿಸಿದರು. ಅಲ್ಲಿಗೆ ಪೀಟೋ ಒಂದು ದೊಡ್ಡ ಬಂಗಲೆಯ ಪ್ಲಾನೂ ಹಾಕಿದ್ದ. ಬಂಗಲೆ ಮೇಲೇಳಲೇ ಇಲ್ಲ. ತೋಟ ನೋಡಲು ಜನ ಇವತ್ತಿಗೂ ದೋಣಿ ಹತ್ತುತ್ತಾರೆ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಹಳೇ ಮನೆ ಬಿಚ್ಚಿದಾಗ ತೆಗೆದಿಟ್ಟ ಕಲ್ಲುಕಂಬಗಳನ್ನು ಕೇಳಿಕೊಂಡು ಯಾರೋ ಬಂದಿದ್ದರಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ದಯವಿಟ್ಟು ಕೊಡಬೇಡಿ. ಹಿತ್ತಲಿನ ಇಳಿಜಾರಿನಲ್ಲಿ ನಿಲ್ಲಿಸಿ ಮಲ್ಲಿಗೆ ಹಬ್ಬಿಸೋಣ. ಹಾವು ಬರುತ್ತೆ ಅಂತಾಳೆ ಅಮ್ಮ, ಗೊತ್ತು. ಅವಳನ್ನು ಒಪ್ಪಿಸುವುದು ನನ್ನ ಕೆಲಸ. ನೀವು ಕಂಬದ ಎತ್ತರ, ದಪ್ಪ ಅಳೆದು ವಾಟ್ಸಾಪಿನಲ್ಲಿ ಕಳಿಸಿ. ಕೆಳಗಿನ ಪೀಠದ ಕಲ್ಲುಗಳೂ ಉಳಿದಿವೆಯಾ ನೋಡಿ.

ನಿಮ್ಮ ಮಗಳು